ಐದು ನಿಮಿಷಕ್ಕೊಂದು ಕರೆಂಟ್ ಹರಾಜು

ವಿದ್ಯುತ್ ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣ ಕ್ಷಣಕ್ಕೂ ಸರಿಸಮವಾಗಿರಬೇಕು. ಒಂದು ಮನೆಯಲ್ಲಿ ಗೀಸರ್ ಸ್ವಿಚ್ ಒತ್ತಿದರೆ ಅದೇ ಗಳಿಗೆಯಲ್ಲಿ ದೂರದ ಯಾವುದೋ ಜನರೇಟರ್ ಅಷ್ಟು ಹೆಚ್ಚು ದುಡಿಯಬೇಕು. ಈ ಸಮತೋಲ ಹೇಗಿದೆ ಎಂಬುದನ್ನು ತೋರಿಸುವುದು ಆವರ್ತನ, ಅಂದರೆ ಫ್ರೀಕ್ವೆನ್ಸಿ. ಭಾರತದಲ್ಲಿ ಅದು 50 ಹರ್ಟ್ಜ್. ಬಳಕೆ ಹೆಚ್ಚಿದರೆ ಇಳಿಯುತ್ತದೆ, ಉತ್ಪಾದನೆ ಹೆಚ್ಚಿದರೆ ಏರುತ್ತದೆ, 49.90ರಿಂದ 50.05ರ ನಡುವೆ ಅದನ್ನು ಹಿಡಿದಿಡಬೇಕೆಂಬುದು ಗ್ರಿಡ್ ನಿಯಮ. ಜಾಲ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ 2012ರ ಜುಲೈ 30 ಮತ್ತು 31ರಂದು ಕಂಡಿತು. ಹೊರೆ ಮಿತಿಮೀರಿದ ಮಾರ್ಗಗಳು ಒಂದರ ಹಿಂದೊಂದು ಕಡಿದುಕೊಂಡು, ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮಲಗಿದವು. 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಜಾಲ ಆಗ ಪ್ರತ್ಯೇಕವಾಗಿ ನಡೆಯುತ್ತಿದ್ದುದರಿಂದ ಕರ್ನಾಟಕಕ್ಕೆ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಆವರ್ತನದಲ್ಲಿ ಮಿಡಿಯುವ ಒಂದೇ ಜಾಲವಾಗಿದೆ.

ಸಮತೋಲ ಕಾಯುವ ಹಳೆಯ ವಿಧಾನ ಸರಳ. ಜನ ಬಳಸಿದಷ್ಟು ಬಳಸಲಿ, ಲೋಡ್ ಡಿಸ್ಪ್ಯಾಚ್ ಕೇಂದ್ರ ಉತ್ಪಾದನೆಯನ್ನು ಏರಿಸಿ ಇಳಿಸಿ ಸರಿದೂಗಿಸಲಿ. ಅದೂ ಸಾಲದಿದ್ದರೆ ಲೋಡ್ ಶೆಡ್ಡಿಂಗ್. ಉತ್ಪಾದಕರು ಬೆರಳೆಣಿಕೆಯಷ್ಟಿದ್ದಾಗ ಇದು ಸಾಕಿತ್ತು. ಈಗ ಹಾಗಿಲ್ಲ. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಊರೂರಲ್ಲಿ ದೀಪ ಹತ್ತುವ ಹೊತ್ತಿಗೇ ಅದರ ಉತ್ಪಾದನೆ ನಿಲ್ಲುತ್ತದೆ. ಇದರ ಜೊತೆಗೆ ಚಾವಣಿಯ ಸೌರಫಲಕ, ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರ್, ಕಾರು. ಲಕ್ಷಗಟ್ಟಲೆ ಸಣ್ಣ ಸಾಧನಗಳ ಸ್ಥಿತಿಗತಿಯನ್ನು ಒಂದು ಕೇಂದ್ರ ತಿಳಿದುಕೊಂಡು, ಪ್ರತಿಯೊಂದಕ್ಕೂ ಗಳಿಗೆ ಗಳಿಗೆಗೆ ಆಜ್ಞೆ ಕಳಿಸುವುದು ಆಗದ ಮಾತು. ಆಗುವಂತಿದ್ದರೂ, ತಮ್ಮ ಮನೆಯ ಗೀಸರ್ ಯಾವಾಗ ಉರಿಯಬೇಕೆಂದು ಯಾರೋ ದೂರದಲ್ಲಿ ಕೂತು ನಿರ್ಧರಿಸುವುದನ್ನು ಒಪ್ಪುವವರು ಕಡಿಮೆ.

ಬಹು-ಏಜೆಂಟ್ ತಂತ್ರಾಂಶ ಈ ತೊಡಕಿಗೆ ಬೇರೆ ದಾರಿ ತೋರಿಸುತ್ತದೆ. ಇಲ್ಲಿ ಏಜೆಂಟ್ ಎಂದರೆ ಒಂದು ಸಾಧನದ ಅಥವಾ ಒಂದು ಮನೆಯ ಪರವಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ. ತನ್ನ ಸುತ್ತಲಿನ ಸ್ಥಿತಿಯನ್ನು ಅದು ಅಳೆಯುತ್ತದೆ, ಒಡೆಯ ಹೇಳಿದ ಗುರಿಗೆ ತಕ್ಕಂತೆ ತಾನೇ ನಿರ್ಧರಿಸುತ್ತದೆ, ಇತರ ಏಜೆಂಟ್‌ಗಳೊಡನೆ ಸಂದೇಶ ವಿನಿಮಯ ಮಾಡುತ್ತದೆ. ಗೀಸರಿನ ಏಜೆಂಟ್‌ಗೆ ನೀರು ಎಷ್ಟು ಬಿಸಿಯಿದೆ, ಎಷ್ಟು ಹೊತ್ತಿಗೆ ಬೇಕು ಎಂಬುದಷ್ಟೇ ಗೊತ್ತು. ಬ್ಯಾಟರಿಯ ಏಜೆಂಟ್‌ಗೆ ತನ್ನಲ್ಲಿ ಉಳಿದ ಚಾರ್ಜ್ ಗೊತ್ತು. ಇಡೀ ಚಿತ್ರ ಯಾರ ಬಳಿಯೂ ಇರುವುದಿಲ್ಲ. ಹೊಂದಾಣಿಕೆ ಮಾತುಕತೆಯಿಂದಲೇ ಹುಟ್ಟುತ್ತದೆ. ಇಂಥ ಮಾತುಕತೆಗೆ ಮೊದಲ ಸ್ಪಷ್ಟ ರೂಪ ಕೊಟ್ಟವರಲ್ಲಿ ರೀಡ್ ಸ್ಮಿತ್ ಒಬ್ಬರು. ಅವರು 1980ರಲ್ಲಿ ಪ್ರಕಟಿಸಿದ 'ಕಾಂಟ್ರಾಕ್ಟ್ ನೆಟ್' ಪದ್ಧತಿಯಲ್ಲಿ ಒಬ್ಬ ಕೆಲಸವನ್ನು ಸಾರುತ್ತಾನೆ, ಬಲ್ಲವರು ಟೆಂಡರ್ ಹಾಕುತ್ತಾರೆ, ತಕ್ಕವನಿಗೆ ಕೆಲಸ ಒಪ್ಪಿಸಲಾಗುತ್ತದೆ. ಬಡಾವಣೆಯ ಟ್ರಾನ್ಸ್‌ಫಾರ್ಮರ್‌ಗೆ ಹೊರೆ ಹೆಚ್ಚಾದಾಗ ಅದರ ಏಜೆಂಟ್ 'ಮುಂದಿನ ಕಾಲು ಗಂಟೆ 20 ಕಿಲೋವಾಟ್ ಇಳಿಸಬೇಕು' ಎಂದು ಸಾರಿ, ಕಡಿಮೆ ತೊಂದರೆಯಲ್ಲಿ ಇಳಿಸಬಲ್ಲವರಿಗೆ ಆ ಕೆಲಸ ವಹಿಸುವುದು ಇದೇ ರೀತಿ.

ಇದಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದ ರೀತಿ ಹರಾಜು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದಲ್ಲಿ 2006–07ರಲ್ಲಿ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ನಡೆಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಕಾಗದದ ಮೇಲಿದ್ದ ವಿಚಾರ ಅಲ್ಲಿ ಜನರ ಮನೆಯೊಳಗೆ ಬಂತು. 112 ಮನೆಗಳು ಭಾಗವಹಿಸಿದ್ದವು. ಪ್ರತಿ ಐದು ನಿಮಿಷಕ್ಕೊಮ್ಮೆ ಕರೆಂಟಿನ ಹರಾಜು. ಕೂಗುವವರು ಮನುಷ್ಯರಲ್ಲ, ಮನೆಯ ಹೀಟರ್ ಮತ್ತು ಏಸಿಗಳ ಥರ್ಮೋಸ್ಟಾಟ್‌ಗಳು. ಮನೆಯವರು ತಮಗೆ ಬೇಕಾದ ಬಿಸಿಯ ಮಟ್ಟವನ್ನೂ, ತಮಗೆ ಸುಖ ಮುಖ್ಯವೋ ಉಳಿತಾಯ ಮುಖ್ಯವೋ ಎಂಬುದನ್ನೂ ಒಮ್ಮೆ ತಿಳಿಸಿದರೆ ಸಾಕು. ಕೋಣೆ ಬೇಕಾದಷ್ಟು ಬೆಚ್ಚಗಿದ್ದರೆ ಏಜೆಂಟ್ ಕಡಿಮೆ ಬೆಲೆಗೆ ಕೂಗುತ್ತದೆ. ಚಳಿ ಏರಿದಂತೆ ಕೂಗೂ ಏರುತ್ತದೆ. ಎಪಿಎಂಸಿ ಅಂಗಳದಲ್ಲಿ ಸರಕು ತೀರಾ ಬೇಕಾದ ವರ್ತಕ ಹೆಚ್ಚು ಕೂಗಿ, ಕಾಯಬಲ್ಲವನು ಸುಮ್ಮನಾಗುವ ಹಾಗೆ. ಬೇಡಿಕೆಯೂ ಪೂರೈಕೆಯೂ ಕೂಡುವಲ್ಲಿ ಬೆಲೆ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಕೂಗಿದ ಹೀಟರ್‌ಗಳು ಆ ಐದು ನಿಮಿಷ ಸುಮ್ಮನಿರುತ್ತವೆ. ಆ ವರ್ಷ ಅತಿ ಹೆಚ್ಚು ಬೇಡಿಕೆಯ ಹೊತ್ತಿನ ಹೊರೆ ಸುಮಾರು ಶೇ. 15ರಷ್ಟು ಇಳಿಯಿತು, ಭಾಗವಹಿಸಿದವರ ಬಿಲ್ಲಿನಲ್ಲಿ ಸರಾಸರಿ ಶೇ. 10ರಷ್ಟು ಉಳಿಯಿತು. ಜೊತೆಗೇ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಯಾರ ಅಪ್ಪಣೆಗೂ ಕಾಯದೆ, ಆವರ್ತನ ಇಳಿದದ್ದನ್ನು ತಾವೇ ಗ್ರಹಿಸಿ, ಒಳಗಿನ ಡ್ರಮ್ ತಿರುಗುತ್ತಿರುವಂತೆಯೇ ಹೀಟರನ್ನು ಮಾತ್ರ ಕ್ಷಣಕಾಲ ಆರಿಸಿದವು.

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ನಗರದ ಹೂಗ್‌ಕೆರ್ಕ್‌ನಲ್ಲಿ ಸುಮಾರು 25 ಮನೆಗಳೊಂದಿಗೆ ಆರಂಭವಾದ 'ಪವರ್‌ಮ್ಯಾಚಿಂಗ್ ಸಿಟಿ' ಮತ್ತೊಂದು ಉದಾಹರಣೆ. ಅದರ ಪವರ್‌ಮ್ಯಾಚರ್ ತಂತ್ರಾಂಶದಲ್ಲಿ ಮನೆಯ ಸಾಧನಗಳ ಕೂಗುಗಳನ್ನು ನಡುವಿನ ಏಜೆಂಟ್ ಒಟ್ಟುಗೂಡಿಸಿ ಮೇಲಕ್ಕೆ ಕಳಿಸುತ್ತದೆ, ಹರಾಜುದಾರ ಏಜೆಂಟ್ ಒಂದು ಬೆಲೆ ಸಾರುತ್ತದೆ. ಮೇಲಿನವರಿಗೆ ಸಿಗುವುದು ಕೂಡಿಸಿದ ಲೆಕ್ಕ ಮಾತ್ರ. ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡಿದರು, ಯಾವ ಮನೆಗೆ ಬೀಗ ಬಿದ್ದಿದೆ ಎಂಬ ಖಾಸಗಿ ವಿವರ ಮನೆಯಲ್ಲೇ ಉಳಿಯುತ್ತದೆ. ಸ್ಮಾರ್ಟ್ ಮೀಟರ್ ಅಳವಡಿಸುವ ಯಾವ ಸರಕಾರವೂ ಗಮನಿಸಬೇಕಾದ ಗುಣ ಇದು.

ಮನೆಯ ಎಲ್ಲ ಸಾಧನಗಳಿಗೂ ಈ ಚೌಕಾಶಿ ಒಗ್ಗುವುದಿಲ್ಲ. ದೀಪ, ಮಿಕ್ಸಿ, ಟಿವಿ ಕಾಯಲಾರವು. ಗೀಸರ್, ಫ್ರಿಜ್, ಓವರ್‌ಹೆಡ್ ಟ್ಯಾಂಕಿನ ಮೋಟಾರ್, ವಾಹನದ ಚಾರ್ಜರ್ ಕಾಯಬಲ್ಲವು. ಬಿಸಿ, ತಂಪು, ನೀರು, ಚಾರ್ಜ್ ಇವೆಲ್ಲ ಕೂಡಿಡಬಹುದಾದವು. ರಾತ್ರಿ ಎಂಟಕ್ಕೆ ಪ್ಲಗ್ ಹಾಕಿದ ಸ್ಕೂಟರ್ ಬೆಳಿಗ್ಗೆ ಏಳಕ್ಕೆ ಸಿದ್ಧವಿದ್ದರೆ ಆಯಿತು, ನಡುವೆ ಯಾವಾಗ ಚಾರ್ಜ್ ಆಯಿತೆಂಬುದು ಸವಾರನಿಗೆ ಮುಖ್ಯವಲ್ಲ.

ಅಪಾಯಗಳೂ ಇವೆ. ಎಲ್ಲ ಏಜೆಂಟ್‌ಗಳೂ ಒಂದೇ ಬೆಲೆ ನೋಡಿ ಒಂದೇ ಲೆಕ್ಕ ಹಾಕಿದರೆ, ಬೆಲೆ ಇಳಿದ ಕ್ಷಣ ಎಲ್ಲವೂ ಒಟ್ಟಿಗೆ ಚಾಲೂ ಆಗಿ ಹೊಸದೊಂದು ಒತ್ತಡ ಹುಟ್ಟುತ್ತದೆ. ಕರ್ನಾಟಕದ ರೈತರಿಗೆ ಇದು ತಿಳಿಯದ್ದೇನಲ್ಲ: ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಪಂಪುಗಳೆಲ್ಲ ಏಕಕಾಲಕ್ಕೆ ಎದ್ದು, ವೋಲ್ಟೇಜ್ ಕುಸಿದು, ಟ್ರಾನ್ಸ್‌ಫಾರ್ಮರ್ ಸುಡುವುದುಂಟು. ಆದ್ದರಿಂದ ಒಳ್ಳೆಯ ವಿನ್ಯಾಸದಲ್ಲಿ ಸರದಿಯೋ ತುಸು ಯಾದೃಚ್ಛಿಕ ವಿಳಂಬವೋ ಇರಲೇಬೇಕು. ಕಳ್ಳ ಸಂದೇಶಗಳನ್ನು ತಡೆಯುವ ಸೈಬರ್ ರಕ್ಷಣೆ ಇರಬೇಕು. ಸಂಪರ್ಕ ಕಡಿದರೆ ಸಾಧನ ಮಾಮೂಲಿನಂತೆ ಕೆಲಸ ಮಾಡಬೇಕು. ಹಣವುಳ್ಳವರ ಏಸಿ ಓಡಲು ಬಡವರ ಫ್ಯಾನ್ ನಿಲ್ಲುವ ಹರಾಜು ಮಾತ್ರ ಎಂದೂ ಸಲ್ಲದು. ಮೂಲ ಬಳಕೆಯನ್ನು ಹರಾಜಿನಿಂದ ಹೊರಗಿಡುವುದು ನ್ಯಾಯ.

ಭಾರತದಲ್ಲಿ ಇದಕ್ಕೆ ಬೇಕಾದ ನೆಲ ಹದವಾಗುತ್ತಿದೆ. 2023ರ ಕೇಂದ್ರ ನಿಯಮಗಳು ಹೊತ್ತಿಗೆ ತಕ್ಕ ದರವನ್ನು 10 ಕಿಲೋವಾಟ್‌ಗಿಂತ ಹೆಚ್ಚು ಬೇಡಿಕೆಯ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದಲೂ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದಲೂ ತರಬೇಕೆಂದು ವಿಧಿಸಿವೆ. ಆದರೆ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಬೆಲೆಯ ಕೂಗು ಅಲ್ಲಿ ಕೇಳಿಸದು. ಅಲ್ಲಿಗೆ ಒಪ್ಪುವುದು ಸರದಿಯ ಮಾತುಕತೆ. ಒಂದೇ ಫೀಡರಿನ ಪಂಪುಗಳ ಏಜೆಂಟ್‌ಗಳು ಬೆಳೆಯ ಅಗತ್ಯ, ಬೋರ್‌ವೆಲ್ಲಿನ ನೀರು, ಹಗಲಿನ ಬಿಸಿಲು ನೋಡಿ ಪಾಳಿ ಹಂಚಿಕೊಂಡರೆ ಪಾವಗಡದ ಮಧ್ಯಾಹ್ನದ ಕರೆಂಟ್ ಪಾವಗಡದ ಸುತ್ತಲಿನ ಹೊಲಗಳಲ್ಲೇ ನೀರೆತ್ತಬಹುದು, ರೈತ ರಾತ್ರಿ ನಿದ್ದೆಗೆಟ್ಟು ತೋಟಕ್ಕೆ ಹೋಗುವುದು ತಪ್ಪಬಹುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳನ್ನು ಮನೆಗಳ ಫೀಡರ್‌ಗಳಿಂದ ಬೇರ್ಪಡಿಸಿರುವ ಹಳ್ಳಿಗಳಲ್ಲಿ ಈ ಪ್ರಯೋಗವನ್ನು ವಿದ್ಯುತ್ ಸರಬರಾಜು ಕಂಪನಿಗಳು ಮೊದಲು ಕೈಗೆತ್ತಿಕೊಳ್ಳಬೇಕು.