ಸಂಬಳದ ಲೆಕ್ಕ ಯಾರ ಕೈಯಲ್ಲಿರಬೇಕು?

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಅಥವಾ ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಇಪ್ಪತ್ತು ಮೂವತ್ತು ಕೆಲಸಗಾರರನ್ನಿಟ್ಟುಕೊಂಡು ಘಟಕ ನಡೆಸುವವರನ್ನು ಮಾತನಾಡಿಸಿ ನೋಡಿ. ಬ್ಯಾಂಕ್ ಸಾಲ, ವಿದ್ಯುತ್ ಬಿಲ್ಲು, ಜಿಎಸ್‌ಟಿ ಕುರಿತು ಗಂಟೆಗಟ್ಟಲೆ ಹೇಳುತ್ತಾರೆ. ಸಂಬಳದ ಲೆಕ್ಕ ಯಾರು ಬರೆಯುತ್ತಾರೆಂದು ಕೇಳಿದರೆ ಮಾತ್ರ ಉತ್ತರ ಚುಟುಕು: ‘ಅದಕ್ಕೊಬ್ಬರಿದ್ದಾರೆ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ.’ ಈ ‘ಎಲ್ಲ’ ಎಂಬ ಪದವೇ ನನ್ನಲ್ಲಿ ಆತಂಕ ಹುಟ್ಟಿಸುತ್ತದೆ.

ಕುಣಿಗಲ್ ಕಡೆಯ ಸಣ್ಣ ಘಟಕವೊಂದರಲ್ಲಿ ದುಡಿಯುತ್ತಿದ್ದ ನನ್ನ ಪರಿಚಿತರೊಬ್ಬರು ಅಕಾಲದಲ್ಲಿ ತೀರಿಕೊಂಡರು. ಅವರ ಪತ್ನಿ ಭವಿಷ್ಯ ನಿಧಿಯ ಅರ್ಜಿ ಹಿಡಿದು ಬಂದಾಗ ಖಾತೆಯ ಪಾಸ್‌ಬುಕ್ ತೆಗೆಸಿ ನೋಡಿದೆವು. ಹದಿನಾಲ್ಕು ತಿಂಗಳ ವಂತಿಗೆ ಜಮೆಯಾಗಿರಲಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಮಾತ್ರ ತಪ್ಪದೆ ಆಗಿತ್ತು. ಮಾಲೀಕರು ಕೆಟ್ಟವರಲ್ಲ. ಪ್ರತಿ ತಿಂಗಳೂ ಹಣವನ್ನು ಲೆಕ್ಕ ನೋಡುವವರ ಕೈಗಿತ್ತು ನಿಶ್ಚಿಂತರಾಗಿದ್ದರು, ರಸೀದಿ ಕೇಳಿರಲಿಲ್ಲ. ಕೊನೆಗೆ ಬಾಕಿಯನ್ನು ಬಡ್ಡಿಸಮೇತ ಮತ್ತೊಮ್ಮೆ ತಾವೇ ಕಟ್ಟಿದರು. ಅಷ್ಟರಲ್ಲಿ ಆಕೆ ಮಗಳ ಕಾಲೇಜು ಶುಲ್ಕಕ್ಕೆ ಓಲೆ ಅಡವಿಟ್ಟಾಗಿತ್ತು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಭವಿಷ್ಯ ನಿಧಿ, ಹತ್ತು ಅಥವಾ ಹೆಚ್ಚು ಮಂದಿಯಿದ್ದರೆ ಇಎಸ್‌ಐ. (ಹತ್ತೊಂಬತ್ತನೆಯವನಿಗೇ ನೇಮಕಾತಿ ನಿಲ್ಲಿಸುವ ಜಾಣರನ್ನೂ ಕಂಡಿದ್ದೇನೆ.) ನಿಧಿಗೆ ಸಾಮಾನ್ಯವಾಗಿ ಇಬ್ಬರಿಂದಲೂ ಶೇ 12, ಮಾಲೀಕರ ಪಾಲಿನಿಂದ ಶೇ 8.33 ವೇತನ ಮಿತಿಗೊಳಪಟ್ಟು ಪಿಂಚಣಿಗೆ ಹೋಗುತ್ತದೆ. ಮುಂದಿನ ತಿಂಗಳ 15ರೊಳಗೆ ಹಣ ಸಂದಾಯವಾಗಬೇಕು. ಕೆಲಸಗಾರನ ಪಾಲನ್ನು ಕಡಿದುಕೊಂಡು ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಮಾಸಿಕ ಸಂಬಳ ಮರುತಿಂಗಳ 7ರೊಳಗೆ ಕೈಸೇರಬೇಕು, ಕೆಲಸ ಬಿಟ್ಟವನ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ಭತ್ಯೆಗಳನ್ನು ಉಬ್ಬಿಸಿ ಮೂಲ ವೇತನವನ್ನು ಕುಗ್ಗಿಸುವ ಹಳೆಯ ಚಾಳಿಯೂ ಇನ್ನು ನಡೆಯದು. ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದ ಭತ್ಯೆ ವೇತನವೆಂದೇ ಗಣನೆಯಾಗುತ್ತದೆ.

ಯಾವ ಕೆಲಸವನ್ನು ಸಂಸ್ಥೆ ತಾನೇ ಮಾಡಬೇಕು, ಯಾವುದನ್ನು ಹೊರಗಿನಿಂದ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಎತ್ತಿದ್ದರು. ಗುಬ್ಬಿಯ ಅಡಿಕೆ ಮಂಡಿಯಲ್ಲಿ ಐದಾರು ಜನರಿದ್ದರೆ ಗುಮಾಸ್ತರ ಪುಸ್ತಕ, ಬ್ಯಾಂಕ್ ಮೂಲಕ ಪಾವತಿ ಸಾಕು. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಆರಂಭವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥವಕ್ಕೆ ತಮ್ಮದೇ ವಿಭಾಗಗಳಿರುತ್ತವೆ. ಕಷ್ಟವಿರುವುದು ನಡುವಿನವರಿಗೆ. ಅವರಿಗೆ ಪೂರ್ಣಾವಧಿ ಲೆಕ್ಕಿಗರು ದುಬಾರಿ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಇವರ ಮೂವತ್ತು ಜನರ ಪಟ್ಟಿ ಲಕ್ಷ್ಯಕ್ಕೇ ಬಾರದು. ನನ್ನ ದೃಷ್ಟಿಯಲ್ಲಿ, ಕರೆದರೆ ಅದೇ ದಿನ ಬರಬಲ್ಲ, ಕಾರ್ಮಿಕ ಕಾನೂನು ಬಲ್ಲ ಸ್ಥಳೀಯ ಲೆಕ್ಕಪರಿಶೋಧಕರೋ ಸಲಹೆಗಾರರೋ ಇವರಿಗೆ ಹೆಚ್ಚು ಸೂಕ್ತ. ಶುಲ್ಕ ಕಡಿಮೆಯೆಂದು ಆರಿಸುವುದಕ್ಕಿಂತ, ಅವರು ಈಗಾಗಲೇ ನೋಡುತ್ತಿರುವ ಒಂದೆರಡು ಘಟಕಗಳ ಮಾಲೀಕರನ್ನು ವಿಚಾರಿಸುವುದು ಲೇಸು.

ಆದರೆ ಲೆಕ್ಕ ಹಾಕುವವರೇ ಹಣ ಪಾವತಿಸುವವರೂ ಆಗಕೂಡದು. ಸರ್ಕಾರಿ ಖಜಾನೆಯಲ್ಲಿ ಬಿಲ್ ಬರೆಯುವವರೊಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು. ಆ ವಿಳಂಬವನ್ನು ಹಳಿದವರಲ್ಲಿ ನಾನೂ ಒಬ್ಬ, ಅದರ ಬೆಲೆ ತಿಳಿದದ್ದು ಆಮೇಲೆ. ನಮ್ಮ ಅನೇಕ ಉದ್ಯಮಿಗಳು ತಮ್ಮ ಡಿಜಿಟಲ್ ಸಹಿಯ ಡಾಂಗಲ್ಲು, ಪಾಸ್‌ವರ್ಡು, ಕಡೆಗೆ ಒಟಿಪಿ ಬರುವ ಮೊಬೈಲ್ ಸಂಖ್ಯೆಯನ್ನೂ ಸಲಹೆಗಾರರದ್ದನ್ನೇ ಕೊಟ್ಟಿರುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಪಟ್ಟಿ ಅವರು ಸಿದ್ಧಪಡಿಸಲಿ. ಹಣ ಮಾಲೀಕರ ಖಾತೆಯಿಂದ ನೇರವಾಗಿ ಹೋಗಲಿ. ಕೆಲಸಗಾರರಿಗೂ ತಮ್ಮ ಯುಎಎನ್ ಸಂಖ್ಯೆಯಿಂದ ಪಾಸ್‌ಬುಕ್ ನೋಡುವುದನ್ನು ಹೇಳಿಕೊಟ್ಟರೆ, ಪುಕ್ಕಟೆಯಾಗಿ ಮೂವತ್ತು ಮಂದಿ ಲೆಕ್ಕಪರಿಶೋಧಕರು ಸಿಕ್ಕಂತೆ.

ಕುಣಿಗಲ್‌ನ ಆ ಮಾಲೀಕರು ಈಗ ತಿಂಗಳ 16ರಂದು ಹಣ ಕಟ್ಟಿದ ಚಲನ್ನಿನ ಪ್ರತಿಯನ್ನು ಹಾಜರಿ ಪುಸ್ತಕವಿಡುವ ಮೇಜಿನ ಮೇಲಿನ ಗೋಡೆಗೆ ಅಂಟಿಸುತ್ತಾರೆ. ಕಳೆದ ಬಾರಿ ಹೋದಾಗ ಇಬ್ಬರು ಹುಡುಗರು ನಿಂತು ಅದನ್ನು ಓದುತ್ತಿದ್ದರು.