ಮೊಟ್ಟೆಯಾಕಾರದ ಕಕ್ಷೆ ಕಲಿಸಿದ ತಪ್ಪು ಪಾಠ

ಅಭ್ಯಾಸ ಬೋಧನೆಗೆಂದು ತಿಕೋಟಾದ ಪ್ರೌಢಶಾಲೆಯೊಂದಕ್ಕೆ ಹೋದಾಗ ‘ಋತುಗಳು’ ಪಾಠಕ್ಕೆ ದೊಡ್ಡ ಚಾರ್ಟ್ ಬರೆದಿದ್ದೆ. ನಡುವೆ ಹಳದಿ ಸೂರ್ಯ, ಸುತ್ತ ದಪ್ಪ ಕೆಂಪು ಗೆರೆಯ ಮೊಟ್ಟೆಯಾಕಾರದ ಕಕ್ಷೆ, ಅದರ ಮೇಲೆ ನಾಲ್ಕು ಭೂಮಿ. ಚಾರ್ಟ್ ಚೆಂದ ಬಂದಿದೆ ಎಂದು ಎಲ್ಲರೂ ಮೆಚ್ಚಿದರು. ಪಾಠದ ಕೊನೆಗೆ ‘ಬೇಸಿಗೆ ಏಕೆ ಬರುತ್ತದೆ?’ ಎಂದು ಕೇಳಿದೆ.

‘ಭೂಮಿ ಸೂರ್ಯನ ಹಂತೇಕ ಬಂದಾಗ ಬ್ಯಾಸಗಿ ಬರತೈತ್ರಿ ಸರ್’ ಎಂದ ಹುಡುಗಿ, ಎದ್ದು ಬಂದು ಚಾರ್ಟಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಕ್ಷದ ಓರೆಯ ಬಗ್ಗೆ ನಾನು ಹತ್ತು ನಿಮಿಷ ಹೇಳಿದ್ದೆ. ಅವಳು ನಂಬಿದ್ದು ನನ್ನ ಚಿತ್ರವನ್ನು.

ಭೂಮಿಯ ಕಕ್ಷೆ ದೀರ್ಘವೃತ್ತವೇ ನಿಜ. ಆದರೆ ಜನವರಿ ಮೊದಲ ವಾರದಲ್ಲಿ ಸೂರ್ಯನಿಂದ ದೂರ ಸುಮಾರು 14.7 ಕೋಟಿ ಕಿ.ಮೀ.; ಜುಲೈ ಮೊದಲ ವಾರದಲ್ಲಿ 15.2 ಕೋಟಿ. ಒಂದು ಕೋಟಿಗೆ ಒಂದು ಸೆಂ.ಮೀ. ಹಿಡಿದರೆ ವ್ಯತ್ಯಾಸ ಅರ್ಧ ಸೆಂ.ಮೀ. ಮಾತ್ರ; ಕಣ್ಣಿಗೆ ಅದು ವೃತ್ತವೇ. ಅಲ್ಲದೆ ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು ವಿಜಯಪುರದ ಚಳಿಯಲ್ಲಿ!

ಹಾಗಾದರೆ ಚಿತ್ರಗಳಲ್ಲಿ ಕಕ್ಷೆ ಉದ್ದವಾಗಿರುವುದೇಕೆ? ಅದು ಓರೆಯಿಂದ ನೋಡಿದ ನೋಟ. ಊಟದ ಗಂಗಾಳವನ್ನು ಅಂಚಿನ ಕಡೆಯಿಂದ ನೋಡಿದರೂ ಮೊಟ್ಟೆಯಂತೆಯೇ ಕಾಣುತ್ತದೆ. ನಾವು ಹೇಳದಿದ್ದರೆ ಮಗು ಕಂಡದ್ದನ್ನೇ ಆಕಾರವೆಂದು ತಿಳಿಯುತ್ತದೆ. ಬಣ್ಣವೂ ಹಾಗೆಯೇ. ನನ್ನ ಚಾರ್ಟಿನಲ್ಲಿ ಕಕ್ಷೆ ದಪ್ಪ ಕೆಂಪು; ಋತುಗಳಿಗೆ ನಿಜವಾದ ಕಾರಣವಾದ 23.5 ಡಿಗ್ರಿ ಓರೆಯ ಅಕ್ಷ ತೆಳು ಪೆನ್ಸಿಲ್ ಗೆರೆ. ದಪ್ಪಗಿದ್ದದ್ದೇ ಮುಖ್ಯ ಎಂದು ಮಕ್ಕಳು ಓದಿಕೊಂಡರು.

ಬಬಲೇಶ್ವರದ ಶಾಲೆಯಲ್ಲಿ ಚಾರ್ಟ್ ಎರಡಾಯಿತು. ಒಂದರಲ್ಲಿ ಕೈವಾರದಿಂದ 15 ಸೆಂ.ಮೀ. ತ್ರಿಜ್ಯದ ವೃತ್ತ, ಕೇಂದ್ರದಿಂದ ಕಾಲು ಸೆಂ.ಮೀ. ಸರಿಸಿದ ಸೂರ್ಯ. ಇನ್ನೊಂದರಲ್ಲಿ ಕಕ್ಷೆಯೇ ಇಲ್ಲ. ಜೂನ್ ಮತ್ತು ಡಿಸೆಂಬರಿನ ಎರಡು ಭೂಮಿ, ಎದ್ದು ಕಾಣುವ ಅಕ್ಷ, ಸಮಾಂತರ ಕಿರಣಗಳು. ಜೊತೆಗೆ ಕಪ್ಪುಹಲಗೆಯ ಮೇಲೆ ಟಾರ್ಚನ್ನು ನೇರವಾಗಿಯೂ ಓರೆಯಾಗಿಯೂ ಬಿಟ್ಟೆ. ಓರೆಯಾದಾಗ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಯಿತು.

‘ಹಂಗಾದ್ರ ಜನವರಿಯೊಳಗ ಹಂತೇಕ ಇದ್ರೂ ಥಂಡಿ ಇದಕ್ಕ ಏನ್ರೀ?’ ಎಂದ ಒಬ್ಬ ಹುಡುಗ. ಅದೇ ನನಗೆ ಬೇಕಾಗಿದ್ದ ಪ್ರಶ್ನೆ. ತರಗತಿ ಬೇರೆ, ಮಕ್ಕಳು ಬೇರೆ. ಆದ್ದರಿಂದ ಇದನ್ನು ಪ್ರಯೋಗ ಎನ್ನಲಾರೆ.

ಆದರೂ ಸಹಪಾಠಿಗಳಲ್ಲಿ ಒಂದು ವಿನಂತಿ. ಚಾರ್ಟ್ ಗೋಡೆಗೆ ಹಚ್ಚುವ ಮೊದಲು, ಪಾಠ ಕೇಳದ ಒಂದು ಮಗುವಿಗೆ ಅದನ್ನು ತೋರಿಸಿ, ‘ಇದರಾಗ ಏನ್ ಕಾಣತೈತಿ?’ ಎಂದು ಕೇಳಿ. ಉತ್ತರ ತಪ್ಪಾದರೆ ತಿದ್ದಬೇಕಾದದ್ದು ಚಾರ್ಟನ್ನು.