ರಾತ್ರಿ ಅಳುವ ಕೂಸಿಗೆ ತಾಯಿಹಾಲೇ ಸಾಕು

ಅಡಿಕೆ ಕೊಯ್ಲಿನಲ್ಲಿ ದಣಿದ ಮನೆಯಲ್ಲಿ ಎಳೆಗೂಸು ರಾತ್ರಿ ಮೂರು ಸಲ ಎದ್ದು ಅತ್ತರೆ, "ತಾಯಿಗೆ ಹಾಲು ಸಾಲದು, ದನದ ಹಾಲು ಕೊಡಿ" ಎನ್ನುವವರುಂಟು. ಇದು ಸರಿಯಲ್ಲ. ಕೂಸಿನ ಹೊಟ್ಟೆ ಚಿಕ್ಕದು, ತಾಯಿಹಾಲು ಬೇಗ ಜೀರ್ಣವಾಗುತ್ತದೆ. ದಿನಕ್ಕೆ 8ರಿಂದ 12 ಸಲ ಹಾಲು ಬೇಡುವುದು ಸಹಜ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಸಲವಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಿರಿ. ರಾತ್ರಿ ಹಾಲೂಡದಿದ್ದರೆ ಹಾಲು ತಗ್ಗುವುದು.

ಹಗಲು ಬೆಳಕಿನಲ್ಲಿ ಮಾತಾಡಿಸುತ್ತಾ ಹಾಲೂಡಿಸಿ. ರಾತ್ರಿ ಮಂದ ಬೆಳಕಿನಲ್ಲಿ, ಮಾತಿಲ್ಲದೆ. ತೇಗು ಬರಿಸಿ ಅಂಗಾತ ಮಲಗಿಸುವ ಕೆಲಸ ತಂದೆಯೂ ಮಾಡಬಹುದು. ನಿದ್ದೆ ಬರಲೆಂದು ನೀರು, ಜೇನು, ಮದ್ದು ಕೊಡಬೇಡಿ. ಜ್ವರ ಬಂದರೆ ಅಥವಾ ಕೂಸು ಹಾಲು ಕುಡಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ.